214ರಿಂದ ಫೋನ್ ಮಾಡ್ತಿರೋದು ಯಾರು?

ನಮ್ಮ ಆಫೀಸಿನಲ್ಲಿ ಎಕ್ಸ್‌ಟೆನ್ಷನ್ 214ರಿಂದ ಯಾರಿಗೆ ಫೋನ್ ಮಾಡಿದರೂ ಆ ಕಡೆ ಫೋನಿನ ಪುಟ್ಟ ಪರದೆಯಲ್ಲಿ ಹಳೇ ಸೂಪರಿಂಟೆಂಡೆಂಟ್ ಸಾಹೇಬರ ಹೆಸರು ಬರುತ್ತದೆ. ಸಾಹೇಬರು ನಿವೃತ್ತರಾಗಿ ವರ್ಷದ ಮೇಲಾಯಿತು. ಆ ಸೀಟಿನಲ್ಲಿ ಈಗ ಕೂತಿರೋದು ಹೊಸದಾಗಿ ಸೇರಿದ ಹುಡುಗಿ. ಅವಳ ಫೋನ್ ಬಂದರೆ ಎತ್ತುವವರು ಮೊದಲು ಕುರ್ಚಿಯಿಂದ ಎದ್ದು "ಸಾರ್, ನಮಸ್ಕಾರ ಸಾರ್" ಅನ್ನುತ್ತಾರೆ, ಆಮೇಲೆ ದನಿ ಕೇಳಿ ಪೆಚ್ಚಾಗಿ ಕೂರುತ್ತಾರೆ. ಹೆಸರು ಬದಲಾಯಿಸಿ ಅಂತ ಅವಳು ನನಗೆ ಮೇಲ್ ಹಾಕಿದಳು. ಕಂಪ್ಯೂಟರ್, ಪ್ರಿಂಟರ್, ಫೋನು, ಕೊನೆಗೆ ಗೋಡೆ ಗಡಿಯಾರದ ಸೆಲ್ಲು, ಎಲ್ಲವನ್ನೂ ನನ್ನ ತಲೆಗೇ ಕಟ್ಟಿದ್ದಾರೆ. ಒಂದು ಹೆಸರು ತಾನೇ, ಐದು ನಿಮಿಷದ ಕೆಲಸ ಅಂತ ಉತ್ತರ ಬರೆದೆ. ಆ ಉತ್ತರವನ್ನು ಅವಳು ಜೋಪಾನವಾಗಿ ಇಟ್ಟುಕೊಂಡಿದ್ದಾಳೆ. ಆಗಾಗ ತೋರಿಸುತ್ತಾಳೆ.

ಹೆಸರು ಇರೋದು ಫೋನಿನಲ್ಲಲ್ಲ. ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಗೋಡೆಗೆ ಬಿಗಿದಿರುವ ಇಪಿಎಬಿಎಕ್ಸ್ ಪೆಟ್ಟಿಗೆಯಲ್ಲಿ, ಅಂದರೆ ಆಫೀಸಿನ ಫೋನುಗಳನ್ನೆಲ್ಲ ಒಂದಕ್ಕೊಂದು ಜೋಡಿಸುವ ಎಕ್ಸ್‌ಚೇಂಜಿನಲ್ಲಿ. ಈ ಪೆಟ್ಟಿಗೆಯ ಮೇಲೆ ನನಗೆ ನಿಜವಾಗಲೂ ಗೌರವ ಇದೆ. ನಾನು ಕೆಲಸಕ್ಕೆ ಸೇರುವ ಮೊದಲಿಂದ ಅಲ್ಲೇ ಇದೆ. ಹ್ಯಾಂಗ್ ಆಗಿದ್ದು ನೋಡಿಲ್ಲ, ಅಪ್‌ಡೇಟ್ ಕೇಳಿದ್ದು ನೋಡಿಲ್ಲ, ದಯವಿಟ್ಟು ಕಾಯಿರಿ ಅಂತ ಚಕ್ರ ತಿರುಗಿಸಿದ್ದು ನೋಡಿಲ್ಲ. ರಿಸೀವರ್ ಎತ್ತಿದರೆ ಟೋನ್ ಬರುತ್ತದೆ, ಅಷ್ಟೇ. ಆದರೆ ಅದರೊಳಗೆ ಏನಾದರೂ ಬದಲಾಯಿಸಬೇಕಾದರೆ ಒಂದು ಸಾಫ್ಟ್‌ವೇರ್ ಬೇಕು, ಆ ಸಾಫ್ಟ್‌ವೇರ್‌ಗೆ ಅದರ ಕಾಲದ ಕಂಪ್ಯೂಟರೇ ಬೇಕು. ಅಂಥದ್ದೊಂದು ನಮ್ಮಲ್ಲಿ ಇತ್ತು. ವಿಂಡೋಸ್ ಎಕ್ಸ್‌ಪಿ, ಅಂದರೆ 2001ರ ಸರಕು. ಪೆಟ್ಟಿಗೆಯ ಪಕ್ಕದಲ್ಲೇ ಧೂಳು ಹೊದ್ದು ಕೂತಿತ್ತು, ನೆತ್ತಿಯ ಮೇಲೆ "ಆಫ್ ಮಾಡಬೇಡಿ" ಅಂತ ಚೀಟಿ.

ಚೀಟಿ ಆಫ್ ಮಾಡಬೇಡಿ ಅಂದಿತ್ತೇ ಹೊರತು ಎತ್ತಿಕೊಂಡು ಹೋಗಬೇಡಿ ಅಂದಿರಲಿಲ್ಲ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯುತ್ತದೆ, ಅಷ್ಟರೊಳಗೆ ಆಫೀಸಿನಲ್ಲಿ ಹಳೆಯದು ಒಂದೂ ಉಳಿಯಕೂಡದು ಅಂತ ಮೇಲಿನಿಂದ ಸುತ್ತೋಲೆ ಬಂತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನೋ ಚಿಪ್ ಇರಲೇಬೇಕಲ್ವಾ, ಹಾಗಾಗಿ ಚೆನ್ನಾಗಿ ನಡೆಯುತ್ತಿದ್ದ ಯಂತ್ರಗಳೂ ಗಂಟುಮೂಟೆ ಕಟ್ಟಿದವು. ಪಟ್ಟಿ ಮಾಡಲು ಬಂದವರ ಕೈಲಿ ದೊಡ್ಡ ಹಾಳೆ. ಮಾಡೆಲ್ ಯಾವುದು, ಮೆಮೊರಿ ಎಷ್ಟು, ಕೊಂಡ ವರ್ಷ ಯಾವುದು, ಮೌಸ್ ಇದೆಯೋ ಇಲ್ಲವೋ, ಎಲ್ಲದಕ್ಕೂ ಒಂದೊಂದು ಕಾಲಂ. ಈ ಕಂಪ್ಯೂಟರ್ ಏನು ಕೆಲಸ ಮಾಡುತ್ತದೆ ಅನ್ನೋದಕ್ಕೆ ಮಾತ್ರ ಕಾಲಂ ಇರಲಿಲ್ಲ. ಹೊಸ ನೀರು ಬಂದು ಹಳೇ ನೀರನ್ನು ಕೊಚ್ಚಿಕೊಂಡು ಹೋಯಿತು ಅನ್ನುತ್ತಾರೆ. ನಮ್ಮಲ್ಲಿ ನಲ್ಲಿಯನ್ನೂ ಕಿತ್ತುಕೊಂಡು ಹೋಯಿತು. ಆ ಎಕ್ಸ್‌ಪಿ ಕಂಪ್ಯೂಟರ್ ಹೊರಡುವ ಹೊತ್ತಿಗೆ ಓಡಿ ಹೋಗಿ ಹಿಂದೆ ನೇತಾಡುತ್ತಿದ್ದ ಕೇಬಲ್ಲನ್ನೂ, ಸಾಫ್ಟ್‌ವೇರಿಗೆ ಬೀಗದ ಕೈಯಂತಿರುವ ಡಾಂಗಲನ್ನೂ ಕಿತ್ತಿಟ್ಟುಕೊಂಡೆ, ನನ್ನ ಪುಣ್ಯ. ವರದಿಯಲ್ಲಿ ನಾವು ನೂರಕ್ಕೆ ನೂರು ಆಧುನಿಕರು.

ಸರಿ, ಹೊಸ ಲ್ಯಾಪ್‌ಟಾಪಿನಲ್ಲೇ ಆ ಸಾಫ್ಟ್‌ವೇರ್ ಹಾಕೋಣ ಅಂತ ಸಿಡಿ ಹುಡುಕಿದೆ. ಸಿಡಿ ಸಿಕ್ಕಿತು, ಸಿಡಿ ತೂರಿಸೋದಕ್ಕೆ ಲ್ಯಾಪ್‌ಟಾಪಿನಲ್ಲಿ ಬಾಯಿ ಇಲ್ಲ. ಹೊರಗಿನ ಡ್ರೈವ್ ತಂದು ಸೆಟಪ್ ಒತ್ತಿದರೆ, ಈ ಆ್ಯಪ್ ನಿಮ್ಮ ಪಿಸಿಯಲ್ಲಿ ಓಡಲ್ಲ ಅಂತು. ವಿಷಯ ಏನಪ್ಪಾ ಅಂದರೆ, ಸಾಫ್ಟ್‌ವೇರ್ 32 ಬಿಟ್‌ನದು, ಅದು ವಿಂಡೋಸ್ 11ರಲ್ಲಿ ಇವತ್ತಿಗೂ ಓಡುತ್ತದೆ. ಅದನ್ನು ಒಳಗೆ ಕೂರಿಸುವ ಸೆಟಪ್ ಮಾತ್ರ 16 ಬಿಟ್‌ನದು. 64 ಬಿಟ್ ವಿಂಡೋಸ್ 16 ಬಿಟ್ ಪ್ರೋಗ್ರಾಮನ್ನು ಹತ್ತಿರ ಸೇರಿಸಲ್ಲ, ವಿಂಡೋಸ್ 11 ಬರೋದೇ 64 ಬಿಟ್‌ನಲ್ಲಿ. ಮದುಮಗ ಗಟ್ಟಿಯಾಗೇ ಇದ್ದಾನೆ, ಕುದುರೆ ಸತ್ತಿದೆ. ಎರಡು ಸಂಜೆ ಹುಡುಕಿ, ಆ ಸೆಟಪ್ಪಿಗೆ 32 ಬಿಟ್‌ನ ಬದಲಿ ಇಂಜಿನ್ ತಂದು ಹಾಕಿದೆ. ಆಯಿತು, ಐಕಾನ್ ಬಂತು. ಒತ್ತಿದೆ. ಇದು ಹೊಸ ವಿಂಡೋಸ್, ನನಗೆ ಆಗಿಬರಲ್ಲ ಅಂತು.

ಇಲ್ಲಿ ಪ್ರೋಗ್ರಾಮಿನ ಪ್ರಾಪರ್ಟೀಸ್‌ನಲ್ಲಿರುವ ಕಂಪ್ಯಾಟಿಬಿಲಿಟಿ ಟ್ಯಾಬ್ ಬಗ್ಗೆ ಎರಡು ಮಾತು ಹೇಳಲೇಬೇಕು. ಸುಳ್ಳು ಹೇಳೋದಕ್ಕೆ ಸರ್ಕಾರಿ ಕೌಂಟರ್ ತೆರೆದ ಹಾಗೆ ಇದೆ ಅದು. ಟಿಕ್ ಹಾಕಿ, ಪಟ್ಟಿಯಿಂದ ಒಂದು ಹಳೇ ವಿಂಡೋಸ್ ಆರಿಸಿದರೆ ಮುಗೀತು, ಇಷ್ಟು ಹೊಸ ಆಪರೇಟಿಂಗ್ ಸಿಸ್ಟಮ್ ಆ ಹಳೇ ಪ್ರೋಗ್ರಾಮಿನ ಮುಂದೆ ಕೈಕಟ್ಟಿ ನಿಂತು "ನಾನು ವಿಂಡೋಸ್ 95 ಸ್ವಾಮಿ" ಅನ್ನುತ್ತದೆ. ಪ್ರೋಗ್ರಾಮೂ ನಂಬುತ್ತದೆ. ಅಸಲಿಗೆ ವಿಂಡೋಸ್ 11ರ ಹೊಟ್ಟೆಯೊಳಗಿನ ಆವೃತ್ತಿ ಸಂಖ್ಯೆಯೇ 10.0, ಇಂಥದ್ದಕ್ಕೆ ಮೊದಲೇ ಪಳಗಿದ ಕೈ. ಇದರ ಜೊತೆ ಇನ್ನೊಂದು ಟಿಕ್ ಇದೆ, ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಿ ಅನ್ನೋದು. ಅದನ್ನು ಹಾಕದಿದ್ದರೆ ಏನಾಗುತ್ತದೆ ಗೊತ್ತಾ? ಹಳೇ ಪ್ರೋಗ್ರಾಮು ತನ್ನ ಲೆಕ್ಕಪತ್ರವನ್ನು ಪ್ರೋಗ್ರಾಮ್ ಫೈಲ್ಸ್ ಫೋಲ್ಡರ್‌ನಲ್ಲೇ ಬರೆಯಲು ಹೋಗುತ್ತದೆ. ಎಕ್ಸ್‌ಪಿ ಆದ ಮೇಲಿನ ವಿಂಡೋಸ್ ವಿಸ್ಟಾ ಬಂದಾಗಿನಿಂದ ಅಲ್ಲಿ ಕಂಡಕಂಡವರು ಬರೆಯುವ ಹಾಗಿಲ್ಲ. ಆದರೆ ವಿಂಡೋಸ್ ಮುಖದ ಮೇಲೆ ಇಲ್ಲ ಅನ್ನಲ್ಲ. ಬರೆದುಕೊಂಡೆ ಅನ್ನುತ್ತದೆ, ಕಾಗದವನ್ನು ವರ್ಚುವಲ್ ಸ್ಟೋರ್ ಅನ್ನೋ ಬೇರೆ ಮೂಲೆಯಲ್ಲಿ ಇಡುತ್ತದೆ. ಅರ್ಜಿ ತಗೊಂಡು, ಸೀಲು ಹೊಡೆದು, ಬೇರೆ ಬೀರುವಿನಲ್ಲಿ ಇಡುವ ಈ ಕಲೆಯನ್ನು ಅದು ನಮ್ಮ ಆಫೀಸಿನಲ್ಲೇ ಕಲಿತಿರಬೇಕು ಅಂತ ನನ್ನ ಗುಮಾನಿ.

ಅಂತೂ ಸಾಫ್ಟ್‌ವೇರ್ ತೆರೆಯಿತು. ಏನು ಮಾಡಬೇಕು ಅಂತ ನೋಡೋಣ ಅಂತ ಹೆಲ್ಪ್ ಒತ್ತಿದೆ. ಹೆಲ್ಪ್ ಇರೋದು ಹಳೇ ಎಚ್‌ಎಲ್‌ಪಿ ಫೈಲಿನಲ್ಲಿ, ಅದನ್ನು ಓದುವ ಪ್ರೋಗ್ರಾಮನ್ನು ವಿಸ್ಟಾದಿಂದ ಈಚೆಗೆ ವಿಂಡೋಸ್ ಜೊತೆ ಕೊಡೋದನ್ನೇ ನಿಲ್ಲಿಸಿದ್ದಾರೆ. ತಮಾಷೆ ಅಂದರೆ, ಸಾಫ್ಟ್‌ವೇರೇ ಇಲ್ಲದೆ ಫೋನಿನ ಗುಂಡಿಗಳಲ್ಲಿ ಕೋಡ್ ಒತ್ತಿ ಹೆಸರು ಬದಲಾಯಿಸುವ ದಾರಿಯೂ ಇದೆಯಂತೆ. ಆ ಕೋಡ್ ಎಲ್ಲಿದೆ? ಅದೇ ಹೆಲ್ಪ್ ಫೈಲಿನಲ್ಲಿ.

ಇನ್ನು ಕೇಬಲ್. ಪೆಟ್ಟಿಗೆಗೆ ಬೇಕಾಗಿರೋದು ಒಂಬತ್ತು ಪಿನ್ನಿನ ಸೀರಿಯಲ್ ಕೇಬಲ್. ಹೊಸ ಲ್ಯಾಪ್‌ಟಾಪು ತೆಳ್ಳಗಿದೆ, ಅದರ ಪಕ್ಕೆಯಲ್ಲಿ ಎರಡು ಟೈಪ್-ಸಿ ತೂತು ಬಿಟ್ಟರೆ ಏನೂ ಇಲ್ಲ. ಟೈಪ್-ಸಿಯಿಂದ ಯುಎಸ್‌ಬಿಗೆ ಒಂದು ಅಡಾಪ್ಟರ್, ಯುಎಸ್‌ಬಿಯಿಂದ ಸೀರಿಯಲ್‌ಗೆ ಇನ್ನೊಂದು, ಪಿನ್ ಗಂಡೋ ಹೆಣ್ಣೋ ಅಂತ ಜೋಡಿ ಕೂಡಿಸಲು ಮತ್ತೊಂದು, ಹೀಗೆ ರೈಲು ಬಂಡಿ ಮಾಡಿದೆ. ವಿಂಡೋಸ್ ಅದಕ್ಕೆ ಕಾಮ್ 11 ಅಂತ ನಂಬರ್ ಕೊಟ್ಟಿತು. ನಮ್ಮ ಸಾಫ್ಟ್‌ವೇರ್‌ಗೆ ಒಂದರಿಂದ ನಾಲ್ಕರವರೆಗೆ ಮಾತ್ರ ಎಣಿಸಲು ಬರುತ್ತದೆ. ಡಿವೈಸ್ ಮ್ಯಾನೇಜರ್‌ಗೆ ಹೋಗಿ 3 ಅಂತ ಮಾಡಹೊರಟರೆ, 3 ಬಳಕೆಯಲ್ಲಿದೆ ಅಂತು. ಯಾರು ಬಳಸ್ತಿದಾರೆ ಮಾರಾಯ? ಯಾವತ್ತೋ ಚುಚ್ಚಿ ಕಿತ್ತ ಬೇರೆ ಅಡಾಪ್ಟರು. ನಿವೃತ್ತರಾದವರ ಹೆಸರು ಕುರ್ಚಿ ಬಿಡದಿರುವ ಕಾಯಿಲೆ ಫೋನಿಗೆ ಮಾತ್ರ ಅಲ್ಲ ಅಂತ ಆಗ ಗೊತ್ತಾಯಿತು. ಒತ್ತಾಯ ಮಾಡಿ 3 ಕೊಡಿಸಿದೆ. ಅಷ್ಟೆಲ್ಲ ಆದ ಮೇಲೆ ಸಾಫ್ಟ್‌ವೇರ್ ಡಾಂಗಲ್ ಕೇಳಿತು. ಅದು ಇಪ್ಪತ್ತೈದು ಪಿನ್ನಿನ ಪ್ಯಾರಲಲ್ ಪೋರ್ಟಿನದು. ಯುಎಸ್‌ಬಿಯಿಂದ ಪ್ಯಾರಲಲ್‌ಗೆ ಅಡಾಪ್ಟರ್ ಸಿಗುತ್ತದೆ, ಆದರೆ ಅದಕ್ಕೆ ಪ್ರಿಂಟರ್ ಬಿಟ್ಟು ಬೇರೆ ಯಾರ ಪರಿಚಯವೂ ಇಲ್ಲ. ಅಲ್ಲಿಗೆ ನನ್ನ ಐದು ನಿಮಿಷ ಮುಗಿಯಿತು.

ಪರದೆಯ ಮೇಲಿನ ನಂಬರ್ ಒತ್ತಿದರೆ ಫೋನು ತಾನೇ ಡಯಲ್ ಮಾಡುವ ಸೌಲಭ್ಯವೂ ಇದೇ ಸಿಡಿಯಲ್ಲಿತ್ತು. ಅದು ನಿಂತಿರೋದು ಕಂಪ್ಯೂಟರಿಗೂ ಫೋನಿಗೂ ಮಾತು ಕೂಡಿಸುವ ಟಿಎಪಿಐ ಅನ್ನೋ ಏರ್ಪಾಟಿನ ಮೇಲೆ, ಮೈಕ್ರೋಸಾಫ್ಟ್ ಮತ್ತು ಇಂಟೆಲ್ ಸೇರಿ 1993ರಲ್ಲಿ ತಂದದ್ದು. ಏರ್ಪಾಟು ಇನ್ನೂ ಇದೆ. ಫೋನ್ ಕಂಪನಿ ಬರೆದ 32 ಬಿಟ್ ಡ್ರೈವರ್ ಮಾತ್ರ 64 ಬಿಟ್‌ನಲ್ಲಿ ಏಳಲ್ಲ. ಅದರ ಸುದ್ದಿಗೆ ನಾನು ಹೋಗಲಿಲ್ಲ, ಕೈಬೆರಳಲ್ಲೇ ಒತ್ತಿಕೊಳ್ಳಿ ಅಂದೆ.

ಗೊತ್ತಿದ್ದವರೆಲ್ಲ ವರ್ಚುವಲ್ ಮಶೀನ್ ಹಾಕಿ ಅಂದರು. ಹೊಸ ಕಂಪ್ಯೂಟರಿನ ಹೊಟ್ಟೆಯಲ್ಲಿ ಹಳೇ ಕಂಪ್ಯೂಟರು. ವಿಂಡೋಸ್ 7ರಲ್ಲಿ ಎಕ್ಸ್‌ಪಿ ಮೋಡ್ ಅಂತ ಅವರೇ ಇದನ್ನು ಕೊಟ್ಟಿದ್ದರು, ಆಮೇಲೆ ತೆಗೆದರು. ಸೆಕ್ಯುರಿಟಿ ವಿಭಾಗದವರನ್ನು ಕೇಳಿದೆ. 2014ರ ಏಪ್ರಿಲ್ 8ಕ್ಕೆ ಬೆಂಬಲ ಮುಗಿದ ಎಕ್ಸ್‌ಪಿ ಈ ಕಟ್ಟಡದೊಳಗೆ ಬರುವ ಹಾಗಿಲ್ಲ, ಹೊಟ್ಟೆಯಲ್ಲಿ ಬಚ್ಚಿಟ್ಟುಕೊಂಡು ಕೂಡ ಅಂದರು. ಹಾಗಾದರೆ ಫೋನಿನ ಹೆಸರು? ಅದು ನಮ್ಮ ವಿಭಾಗಕ್ಕೆ ಬರಲ್ಲ ಅಂದರು.

ಕಂಪನಿಗೆ ಫೋನ್ ಮಾಡಿದೆ, 214ರ ಪಕ್ಕದ ಸೀಟಿನಿಂದ, ಅದೇ ಪೆಟ್ಟಿಗೆಯ ಮೂಲಕ. ದನಿ ಗಂಟೆ ಬಾರಿಸಿದ ಹಾಗೆ ಕೇಳಿಸುತ್ತಿತ್ತು. ನಿಮ್ಮ ಮಾಡೆಲ್‌ಗೆ ಆಯಸ್ಸು ಮುಗಿದಿದೆ ಸಾರ್ ಅಂದರು ಆ ಕಡೆಯವರು. ಸ್ವಾಮಿ, ಅದರಲ್ಲೇ ಮಾತಾಡ್ತಿದೀನಿ ಅಂದೆ. ಆದರೂ ಮುಗಿದಿದೆ ಸಾರ್, ಹೊಸ ಎಕ್ಸ್‌ಚೇಂಜ್ ತಗೊಳ್ಳಿ. ಒಂದು ಹೆಸರಿಗೋಸ್ಕರಾನಾ? ಸ್ವಲ್ಪ ಹೊತ್ತು ಸಂಗೀತ ಕೇಳಿಸಿ ಆಮೇಲೆ ಒಬ್ಬ ಹಳೇ ಟೆಕ್ನಿಶಿಯನ್ ಇದ್ದಾರೆ, ಕಳಿಸ್ತೀವಿ ಅಂದರು.

ಅವರು ಬಂದರು. ಚೀಲದಿಂದ ಇಟ್ಟಿಗೆಯಂಥ ಲ್ಯಾಪ್‌ಟಾಪ್ ತೆಗೆದರು. ಕೀಲು ಸಡಿಲವಾಗಿ ಪರದೆಗೆ ರಬ್ಬರ್ ಬ್ಯಾಂಡ್ ಬಿಗಿದಿದ್ದರು. ಬ್ಯಾಟರಿ ಸತ್ತು ಎಷ್ಟು ಕಾಲವಾಗಿತ್ತೋ, ಪ್ಲಗ್ ಅಲ್ಲಾಡಿದರೆ ಆಫ್ ಆಗುತ್ತದೆ ಅಂತ ಒಬ್ಬ ಹುಡುಗನನ್ನು ಸಾಕೆಟ್ ಹತ್ತಿರ ಕುಕ್ಕರಗಾಲಲ್ಲಿ ಕೂರಿಸಿದರು. ಆದರೆ ಹಿಂಭಾಗದಲ್ಲಿ ಒಂಬತ್ತು ಪಿನ್ನೂ ಇತ್ತು, ಇಪ್ಪತ್ತೈದು ಪಿನ್ನೂ ಇತ್ತು. ಗೇಟಿನಲ್ಲಿ ಅದನ್ನು ಕಂಪ್ಯೂಟರ್ ಅಂತ ಬರೆಸಿದ್ದರೆ ಒಳಗೆ ಬಿಡುತ್ತಿರಲಿಲ್ಲ. ಅವರಿಗೆ ಅನುಭವ ಇತ್ತು, "ಟೆಸ್ಟಿಂಗ್ ಉಪಕರಣ" ಅಂತ ಬರೆಸಿಕೊಂಡು ಬಂದಿದ್ದರು. ಆನ್ ಮಾಡಿದಾಗ ಎಕ್ಸ್‌ಪಿಯ ಹಸಿರು ಗುಡ್ಡ, ನೀಲಿ ಆಕಾಶ ಕಾಣಿಸಿತು. ನಾಲ್ಕು ಜನ ಕೆಲಸ ಬಿಟ್ಟು ಬಂದು ಬಗ್ಗಿ ನೋಡಿದರು. ಕೇಬಲ್ ಚುಚ್ಚಿದರು, ಕಾಮ್ 1, ವೇಗ 9600, ಎರಡೇ ಸೆಕೆಂಡಿಗೆ ಪೆಟ್ಟಿಗೆ ಉತ್ತರ ಕೊಟ್ಟಿತು. ಅಷ್ಟು ವರ್ಷ ಅದನ್ನು ಮಾತಾಡಿಸಿದವರೇ ಇಲ್ಲವೇನೋ ಅನ್ನುವ ಹಾಗೆ.

ಪಾಸ್‌ವರ್ಡ್ ಕೇಳಿತು.

ಕಂಪನಿ ಕೊಟ್ಟಿದ್ದ ಪಾಸ್‌ವರ್ಡ್ ಹಾಕಿದರೆ ತಪ್ಪು ಅಂತು. ಡೀಫಾಲ್ಟ್ ಪಾಸ್‌ವರ್ಡ್ ಇಟ್ಟುಕೊಳ್ಳಬಾರದು ಅಂತ ಒಂದು ಕಾಲದಲ್ಲಿ ಸುತ್ತೋಲೆ ಬಂದಿತ್ತಂತೆ. ಆಫೀಸಿನ ಚರಿತ್ರೆಯಲ್ಲೇ ಆ ಸುತ್ತೋಲೆಯನ್ನು ಪಾಲಿಸಿದವರು ಒಬ್ಬರೇ, ನಮ್ಮ ಸೂಪರಿಂಟೆಂಡೆಂಟ್ ಸಾಹೇಬರು. ರೀಸೆಟ್ ಮಾಡಬಹುದು, ಎಲ್ಲ ಎಕ್ಸ್‌ಟೆನ್ಷನ್ನೂ ಅಳಿಸಿ ಹೋಗುತ್ತೆ, ಮೊದಲಿಂದ ತುಂಬಬೇಕು ಅಂದರು ಟೆಕ್ನಿಶಿಯನ್. ಬೇಡ ಅಂತ ಸಾಹೇಬರ ಮೊಬೈಲಿಗೆ ಫೋನ್ ಹಚ್ಚಿದೆ. ಪಾಸ್‌ವರ್ಡನ್ನು ಫೋನಿನಲ್ಲಿ ಯಾರಿಗೂ ಹೇಳಬಾರದು ಅಂತ ನೀವೇ ಟ್ರೇನಿಂಗ್ ಕೊಟ್ಟಿದ್ದಿರಿ ಕಣಪ್ಪ, ನಾನೇ ಬರ್ತೀನಿ ಅಂದರು ಅವರು.

ಬಂದರು. ಸಾಕೆಟ್ ಹತ್ತಿರದ ಹುಡುಗನಿಗೆ ಕಾಲು ಜೋಮು ಹಿಡಿದಿತ್ತು, ಸಾಹೇಬರು ಬಂದರಾ ನೋಡಿ ಬರ್ತೀನಿ ಅಂತ ನಾನು ರಿಸೆಪ್ಷನ್‌ಗೆ ಇಳಿದೆ. ಅವರು ಅಲ್ಲಿ ವಿಸಿಟರ್ ಪುಸ್ತಕದಲ್ಲಿ ಹೆಸರು ಬರೆಯುತ್ತಿದ್ದರು. ಅಷ್ಟರಲ್ಲಿ ರಿಸೆಪ್ಷನ್ ಫೋನು ಹೊಡೆದುಕೊಂಡಿತು. ಮೇಲೆ ನಮ್ಮ ಹುಡುಗಿಗೂ ಕಾಯೋ ತಾಳ್ಮೆ ಮುಗಿದಿತ್ತು ಅಂತ ಕಾಣುತ್ತದೆ. ರಿಸೆಪ್ಷನಿಸ್ಟ್ ಪರದೆ ನೋಡಿದಳು, ಎದುರಿಗೆ ನಿಂತವರನ್ನು ನೋಡಿದಳು, ಮತ್ತೆ ಪರದೆ ನೋಡಿದಳು. ಕೈ ರಿಸೀವರ್ ಮೇಲೇ ನಿಂತಿತು.

ಸಾಹೇಬರು ಕನ್ನಡಕ ಸರಿಮಾಡಿಕೊಂಡು ಕೌಂಟರಿನ ಮೇಲೆ ಬಗ್ಗಿ ತಮ್ಮ ಹೆಸರನ್ನು ಓದಿಕೊಂಡರು.

"ಎತ್ತಮ್ಮ," ಅಂದರು, "ಏನೋ ಅರ್ಜೆಂಟ್ ಇರಬೇಕು."