ಸ್ಪಷ್ಟನೆ: 2.5 ಲಕ್ಷ ಡಾಲರ್ ಗರಿಷ್ಠ ಮಿತಿ, ಎಲ್ಲರಿಗೂ ಸಿಕ್ಕ ಹಣವಲ್ಲ

‘ಕೋವಿಡ್ ವೇಳೆ ಅಮೆರಿಕ ಸರ್ಕಾರ ಪ್ರತಿ ರೈತನಿಗೂ 2.5 ಲಕ್ಷ ಡಾಲರ್ ಕೊಟ್ಟಿತು’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ತಪ್ಪು. ಅಲ್ಲಿನ ಕೃಷಿ ಇಲಾಖೆಯ 2020ರ ಕೊರೊನಾ ಆಹಾರ ನೆರವು ಯೋಜನೆಯ ನಿಯಮದಲ್ಲಿ ಈ ಮೊತ್ತ ಇರುವುದು ಒಬ್ಬರಿಗೆ ದಾಟಬಾರದ ಮಿತಿಯಾಗಿ.

ನಿಜವಾದ ಲೆಕ್ಕ ಬೇರೆ. ಎರಡನೇ ಸುತ್ತಿನಲ್ಲಿ ಮೆಕ್ಕೆಜೋಳಕ್ಕೆ ಬಿತ್ತಿದ ಎಕರೆಯನ್ನು ಎಕರೆವಾರು ಇಳುವರಿಯಿಂದ ಗುಣಿಸಿ, ಬಂದದ್ದರ ಶೇ 40ಕ್ಕೆ ಬುಶೆಲ್‌ಗೆ (ಮೆಕ್ಕೆಜೋಳದಲ್ಲಿ ಸುಮಾರು 25 ಕೆ.ಜಿ.ಯ ಅಳತೆ) 58 ಸೆಂಟ್‌ನಂತೆ ಕೊಟ್ಟರು. ಲೆಕ್ಕಕ್ಕೆ ಹಿಡಿದ ಇಳುವರಿ 170 ಬುಶೆಲ್ ಇದ್ದರೆ ಎಕರೆಗೆ ಸುಮಾರು 39 ಡಾಲರ್. 100 ಎಕರೆಗೆ 3,944. ಮೆಕ್ಕೆಜೋಳ ಒಂದರಿಂದಲೇ ಮಿತಿ ಮುಟ್ಟಲು 6,300 ಎಕರೆಗೂ ಹೆಚ್ಚು ಬೇಕು! ಲೆಕ್ಕ ಎಷ್ಟೇ ಕಡಿಮೆ ಬಂದರೂ ಎಕರೆಗೆ 15 ಡಾಲರ್ ಖಾತ್ರಿಯಿತ್ತು.

ಹಣ ತಾನಾಗಿ ಖಾತೆಗೆ ಬೀಳಲಿಲ್ಲ. ಕೌಂಟಿಯ (ನಮ್ಮ ಜಿಲ್ಲೆಯಂಥ ಆಡಳಿತ ಪ್ರದೇಶ) ಕೃಷಿ ಸೇವಾ ಕಚೇರಿಗೆ ಅರ್ಜಿ ಹಾಕಬೇಕಿತ್ತು, ಬಿತ್ತನೆ ವಿಸ್ತೀರ್ಣದ ದಾಖಲೆ ಇರಬೇಕಿತ್ತು. ಸಾಲವಲ್ಲದ ಕಾರಣ ವಾಪಸ್ ಕಟ್ಟಬೇಕಿಲ್ಲ, ಆದರೆ ಆದಾಯ ತೆರಿಗೆ ಉಂಟು. ಈ ಸುತ್ತಿನ ಅರ್ಜಿ 2021ರ ಅಕ್ಟೋಬರ್ 12ಕ್ಕೇ ಮುಗಿದಿದೆ.

ದಯವಿಟ್ಟು ಆ ಸಂದೇಶವನ್ನು ಮುಂದೆ ಕಳಿಸಬೇಡಿ; ಕಳಿಸಿಯಾಗಿದ್ದರೆ ಅದೇ ಗುಂಪಿಗೆ ಇದನ್ನೂ ಹಾಕಿ.