ಪದಕ ಎಣಿಸುವ ಮುನ್ನ ಸ್ಪರ್ಧೆಗಳನ್ನು ಎಣಿಸೋಣ

ಅತಿ ಹೆಚ್ಚು ಒಲಿಂಪಿಕ್ ಪದಕ ಗೆದ್ದವರ ಪಟ್ಟಿಯೊಂದು ಪ್ರತಿ ಒಲಿಂಪಿಕ್ಸ್ ಬಂದಾಗಲೂ ಹೊಸ ಬಣ್ಣ ಬಳಿದುಕೊಂಡು ನಮ್ಮೆಲ್ಲರ ಫೋನುಗಳಿಗೆ ಬಂದಿಳಿಯುತ್ತದೆ. ತುತ್ತತುದಿಯಲ್ಲಿ 28 ಪದಕಗಳ ಅಮೆರಿಕದ ಈಜುಗಾರ ಮೈಕೆಲ್ ಫೆಲ್ಪ್ಸ್, ಅವರ ಕೆಳಗೆ 18 ಪದಕಗಳ ಸೋವಿಯತ್ ಜಿಮ್ನಾಸ್ಟ್ ಲಾರಿಸಾ ಲ್ಯಾಟಿನಿನಾ, ಆಮೇಲೆ ತಲಾ 15 ಪದಕಗಳ ನಾರ್ವೆಯ ಸ್ಕೀ ಪಟು ಮಾರಿಟ್ ಬ್ಯೋರ್ಗೆನ್ ಮತ್ತು ಸೋವಿಯತ್ ಜಿಮ್ನಾಸ್ಟ್ ನಿಕೊಲಾಯ್ ಆಂಡ್ರಿಯಾನೋವ್. ಮೇಲಿನ ತಲೆಬರಹವೂ ಸಾಮಾನ್ಯವಾಗಿ ಒಂದೇ ಆಗಿರುತ್ತದೆ: ‘ಸಾರ್ವಕಾಲಿಕ ಶ್ರೇಷ್ಠರು’. ಅಂಕಿಗಳ ಬಗ್ಗೆ ನನಗೆ ತಕರಾರಿಲ್ಲ, ಇರುವುದು ಆ ತಲೆಬರಹದ ಬಗ್ಗೆ. ಒಬ್ಬ ಕ್ರೀಡಾಪಟುವಿನ ಕೊರಳಲ್ಲಿ ಎಷ್ಟು ಪದಕಗಳು ತೂಗುತ್ತವೆ ಎಂಬುದು ಆತನ ಸಾಮರ್ಥ್ಯವನ್ನು ಎಷ್ಟು ಹೇಳುತ್ತದೆಯೋ, ಆತ ಆರಿಸಿಕೊಂಡ ಆಟ ಎಷ್ಟು ಪದಕಗಳನ್ನು ಮುಂದಿಡುತ್ತದೆ ಎಂಬುದನ್ನೂ ಅಷ್ಟೇ ಹೇಳುತ್ತದೆ. ಈ ಎರಡನೆಯ ಮಾತನ್ನು ನಾವು ಮರೆಯುತ್ತೇವೆ.

ಆ ಪಟ್ಟಿಯಲ್ಲಿ ಎಷ್ಟು ಕೆಳಗಿಳಿದರೂ ಬೇಗನೆ ಸಿಗದ ಒಂದು ಹೆಸರು ಕ್ಯೂಬಾದ ಮಿಹಾಯಿನ್ ಲೋಪೆಸ್. ಗ್ರೀಕೋ-ರೋಮನ್ ಕುಸ್ತಿಯ ಅತಿ ಭಾರದ ವಿಭಾಗದಲ್ಲಿ ಅವರು 2008ರ ಬೀಜಿಂಗ್‌ನಿಂದ 2024ರ ಪ್ಯಾರಿಸ್‌ವರೆಗೆ ಸತತ ಐದು ಒಲಿಂಪಿಕ್ಸ್‌ಗಳಲ್ಲಿ ಚಿನ್ನ ಗೆದ್ದರು. ಒಂದೇ ವೈಯಕ್ತಿಕ ಸ್ಪರ್ಧೆಯನ್ನು ಐದು ಒಲಿಂಪಿಕ್ಸ್‌ಗಳಲ್ಲಿ ಗೆದ್ದವರು ಅವರಿಗಿಂತ ಮೊದಲು ಯಾರೂ ಇರಲಿಲ್ಲ. ಪ್ಯಾರಿಸ್‌ನ ಫೈನಲ್ ಮುಗಿದಾಗ ಅವರ ವಯಸ್ಸು 41. ಗೆದ್ದ ಮೇಲೆ ಅವರು ಮ್ಯಾಟಿನ ನಡುವೆ ಮಂಡಿಯೂರಿ, ಬೂಟುಗಳನ್ನು ಬಿಚ್ಚಿ, ಅಲ್ಲಿಯೇ ಬಿಟ್ಟು ನಡೆದರು. ಕುಸ್ತಿಪಟು ನಿವೃತ್ತಿಯನ್ನು ಘೋಷಿಸುವ ರೀತಿಯೇ ಅದು. ಹದಿನಾರು ವರ್ಷ ಜಗತ್ತಿನ ಯಾವ ಮಲ್ಲನೂ ಒಲಿಂಪಿಕ್ಸ್‌ನಲ್ಲಿ ಅಲುಗಾಡಿಸಲಾಗದ ಈ ಮನುಷ್ಯನ ಒಟ್ಟು ಪದಕಗಳು ಐದು. ಫೆಲ್ಪ್ಸ್ ಬೀಜಿಂಗ್ ಒಂದರಲ್ಲೇ ಗಳಿಸಿದ್ದು ಎಂಟು. ಇದರಿಂದ ಫೆಲ್ಪ್ಸ್ ದೊಡ್ಡವರೆಂದಾಗಲಿ ಲೋಪೆಸ್ ಚಿಕ್ಕವರೆಂದಾಗಲಿ ತೀರ್ಮಾನಿಸಲು ಬರುವುದಿಲ್ಲ. ಕುಸ್ತಿಯಲ್ಲಿ ಒಂದು ತೂಕಕ್ಕೆ ಒಂದೇ ಪದಕ, ಅದೂ ನಾಲ್ಕು ವರ್ಷಕ್ಕೊಮ್ಮೆ. ಈಜಿನಲ್ಲಾದರೋ ನಾಲ್ಕು ಶೈಲಿಗಳು, ಪ್ರತಿಯೊಂದಕ್ಕೂ ಹಲವು ದೂರಗಳು, ಶೈಲಿಗಳನ್ನೆಲ್ಲ ಬೆರೆಸಿದ ಮೆಡ್ಲೆ, ಅದರ ಮೇಲೆ ರಿಲೇಗಳು.

ಲೆಕ್ಕದ ಈ ವಕ್ರತೆ ಅತ್ಯಂತ ನಿಚ್ಚಳವಾಗಿ ಕಾಣುವುದು ಡೆಕಾಥ್ಲಾನ್‌ನಲ್ಲಿ. ಎರಡು ದಿನ, ಹತ್ತು ಸ್ಪರ್ಧೆಗಳು. ಓಡಬೇಕು, ಹಾರಬೇಕು, ಗುಂಡು, ಡಿಸ್ಕಸ್, ಜಾವೆಲಿನ್ ಎಸೆಯಬೇಕು, ಕೋಲು ಹಿಡಿದು ಎತ್ತರ ದಾಟಬೇಕು, ಕೊನೆಗೆ ಕಾಲು ಸೋತು ಹೋದ ಮೇಲೆ 1500 ಮೀಟರ್ ಓಡಬೇಕು. ಇಷ್ಟೆಲ್ಲ ಮಾಡಿ ಜಗತ್ತನ್ನೇ ಗೆದ್ದವನಿಗೆ ಸಿಗುವುದು ಒಂದು ಪದಕ. ಪುರುಷರ ಜಿಮ್ನಾಸ್ಟಿಕ್ಸ್‌ನಲ್ಲಿ ಆರು ಉಪಕರಣಗಳ ಮೇಲಿನ ಒಟ್ಟು ಸಾಧನೆಗೆ ಒಂದು ಪದಕವಿದೆ, ಆ ಆರರಲ್ಲಿ ಪ್ರತಿಯೊಂದಕ್ಕೂ ಬೇರೆ ಪದಕವಿದೆ, ತಂಡಕ್ಕೆ ಮತ್ತೊಂದು. 1980ರ ಮಾಸ್ಕೋದಲ್ಲಿ ಸೋವಿಯತ್ ಜಿಮ್ನಾಸ್ಟ್ ಅಲೆಕ್ಸಾಂಡರ್ ದಿತ್ಯಾತಿನ್ ಎಂಟಕ್ಕೆ ಎಂಟರಲ್ಲೂ ಪದಕ ಗೆದ್ದದ್ದು ಹೀಗೆ. ಇನ್ನು ತಂಡದ ಆಟಗಳವರ ಪಾಡಂತೂ ಕೇಳುವುದೇ ಬೇಡ: ಹಾಕಿಯಲ್ಲಿ ಲೆಸ್ಲಿ ಕ್ಲಾಡಿಯಸ್ ಮತ್ತು ಉಧಮ್ ಸಿಂಗ್ ತಲಾ ನಾಲ್ಕು ಒಲಿಂಪಿಕ್ಸ್ ಆಡಿ, ಮೂರು ಚಿನ್ನ, ಒಂದು ಬೆಳ್ಳಿ ಗೆದ್ದರು. ಅದಕ್ಕಿಂತ ಹೆಚ್ಚು ಗೆಲ್ಲಬೇಕಿದ್ದರೆ ಅವರು ಮತ್ತೂ ನಾಲ್ಕು ವರ್ಷ ಕಾಯಬೇಕಿತ್ತು.

ಕೆಲವೊಮ್ಮೆ ನಿಯಮಗಳೇ ಕೈ ಕಟ್ಟಿಹಾಕುತ್ತವೆ. 1948ರ ಲಂಡನ್‌ನಲ್ಲಿ ನೆದರ್ಲೆಂಡ್ಸ್‌ನ ಫ್ಯಾನಿ ಬ್ಲಾಂಕರ್ಸ್-ಕೂನ್ 100 ಮೀಟರ್, 200 ಮೀಟರ್, 80 ಮೀಟರ್ ಹರ್ಡಲ್ಸ್ ಮತ್ತು ರಿಲೇ ಹೀಗೆ ನಾಲ್ಕು ಚಿನ್ನ ಗೆದ್ದರು. ಆ ಹೊತ್ತಿಗೆ ಎತ್ತರ ಜಿಗಿತ ಮತ್ತು ಉದ್ದ ಜಿಗಿತಗಳ ವಿಶ್ವದಾಖಲೆಗಳೂ ಅವರ ಹೆಸರಿನಲ್ಲೇ ಇದ್ದವು. ಆದರೆ ಒಬ್ಬರು ಮೂರಕ್ಕಿಂತ ಹೆಚ್ಚು ವೈಯಕ್ತಿಕ ಸ್ಪರ್ಧೆಗಳಲ್ಲಿ ಭಾಗವಹಿಸುವಂತಿರಲಿಲ್ಲ. ಉದ್ದ ಜಿಗಿತದ ಚಿನ್ನ ಆ ಸಲ ಆರು ಮೀಟರಿಗೂ ಕಡಿಮೆ ಹಾರಿದವರ ಪಾಲಾಯಿತು. ಇವರ ದಾಖಲೆ 6.25 ಮೀಟರ್. ಎತ್ತರ ಜಿಗಿತದ ಚಿನ್ನಕ್ಕೂ ಇವರ ದಾಖಲೆಯ ಎತ್ತರ ಬೇಕಾಗಲಿಲ್ಲ. ಯಾವ ಪಟ್ಟಿಯೂ ಈ ‘ಗೆಲ್ಲಬಹುದಾಗಿದ್ದ’ ಪದಕಗಳನ್ನು ಎಣಿಸುವುದಿಲ್ಲ, ಎಣಿಸಲು ಸಾಧ್ಯವೂ ಇಲ್ಲ.

ಇಷ್ಟು ಹೇಳಿದ ಕೂಡಲೇ ಕೆಲವರು ಮತ್ತೊಂದು ತುದಿಗೆ ಹೋಗಿ, ‘ಹಾಗಾದರೆ ಈಜುಗಾರರಿಗೆ ಪದಕಗಳು ಅಗ್ಗ’ ಎಂದುಬಿಡುತ್ತಾರೆ. ಅದನ್ನು ನಾನು ಸುತರಾಂ ಒಪ್ಪುವುದಿಲ್ಲ. ಹಲವು ಪದಕಗಳಿಗೆ ಅವಕಾಶವಿರುವುದು ಒಂದು ಮಾತು, ಆ ಅವಕಾಶಗಳ ನಡುವೆ ದೇಹವನ್ನು ಉಳಿಸಿಕೊಳ್ಳುವುದು ಇನ್ನೊಂದು. 2024ರ ಜುಲೈ 31ರ ರಾತ್ರಿ ಪ್ಯಾರಿಸ್‌ನಲ್ಲಿ ಫ್ರಾನ್ಸಿನ ಈಜುಗಾರ ಲಿಯಾನ್ ಮಾರ್ಶಾನ್ ಮಾಡಿದ್ದನ್ನು ನೋಡಿದವರಿಗೆ ಈ ವ್ಯತ್ಯಾಸವನ್ನು ವಿವರಿಸಬೇಕಾಗಿಲ್ಲ. ಮೊದಲು 200 ಮೀಟರ್ ಬಟರ್‌ಫ್ಲೈ ಫೈನಲ್. 150 ಮೀಟರ್ ತಿರುವಿನಲ್ಲಿ ಮುಂದಿದ್ದವರು ವಿಶ್ವದಾಖಲೆಯ ಒಡೆಯ, ಹಂಗೆರಿಯ ಕ್ರಿಸ್ಟೋಫ್ ಮಿಲಾಕ್. ಗೋಡೆ ಒದ್ದ ಮಾರ್ಶಾನ್ ನೀರಿನಡಿಯಲ್ಲೇ ಡಾಲ್ಫಿನ್ನಿನಂತೆ ಕಾಲು ಬಡಿಯುತ್ತ ಸಾಗಿ, ಮೇಲೆದ್ದಾಗ ಅಂತರ ಕರಗತೊಡಗಿತ್ತು. ಗೋಡೆ ಮುಟ್ಟುವಾಗ ಮುಂದಿದ್ದವರು ಮಾರ್ಶಾನ್. ಆಮೇಲೆ ಪದಕ ಪ್ರದಾನ, ರಾಷ್ಟ್ರಗೀತೆ, ಸ್ನಾಯುಗಳ ಬಿಗಿ ಸಡಿಲಿಸಲು ಪಕ್ಕದ ಕೊಳದಲ್ಲಿ ನಿಧಾನದ ಈಜು. ಎರಡು ಗಂಟೆ ಕಳೆಯುವುದರೊಳಗೆ 200 ಮೀಟರ್ ಬ್ರೆಸ್ಟ್‌ಸ್ಟ್ರೋಕ್ ಫೈನಲ್, ಅದರಲ್ಲೂ ಚಿನ್ನ. ಎರಡರಲ್ಲೂ ಒಲಿಂಪಿಕ್ ದಾಖಲೆ. ಬಟರ್‌ಫ್ಲೈನಲ್ಲಿ ಬಲ ಬರುವುದು ಭುಜದಿಂದ, ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಹೆಚ್ಚಾಗಿ ಕಾಲಿನ ಒದೆತದಿಂದ. ಈ ಎರಡು ಶೈಲಿಗಳನ್ನು ಒಬ್ಬನೇ ಈ ಮಟ್ಟಕ್ಕೆ ಕರಗತ ಮಾಡಿಕೊಳ್ಳುವುದೇ ವಿರಳ, ಒಂದೇ ಸಂಜೆ ಎರಡನ್ನೂ ಗೆಲ್ಲುವುದು ಇನ್ನೂ ವಿರಳ. ಬಹುಪದಕ ವಿಜೇತರಲ್ಲಿ ನಾನು ಬೆರಗಾಗುವುದು ವೇಗಕ್ಕಲ್ಲ, ಈ ಚೇತರಿಕೆಗೆ. ಮೊದಲ ಚಿನ್ನದ ಸಂಭ್ರಮವನ್ನು ಕೂಡ ಅವರು ಪೂರ್ತಿಯಾಗಿ ಅನುಭವಿಸುವಂತಿಲ್ಲ, ಏಕೆಂದರೆ ಸಂಭ್ರಮಕ್ಕೂ ಶಕ್ತಿ ಖರ್ಚಾಗುತ್ತದೆ.

ಬೀಜಿಂಗ್‌ನಲ್ಲಿ ಫೆಲ್ಪ್ಸ್ ಎಂಟು ಚಿನ್ನಕ್ಕಾಗಿ 17 ಬಾರಿ ನೀರಿಗೆ ಧುಮುಕಿದರು. 200 ಮೀಟರ್ ಬಟರ್‌ಫ್ಲೈನಲ್ಲಿ ಕನ್ನಡಕದೊಳಗೆ ನೀರು ತುಂಬಿ ಗೋಡೆಯೇ ಕಾಣದಾದಾಗ, ಕೈಬೀಸುಗಳನ್ನು ಎಣಿಸಿಕೊಂಡು ಈಜಿ ವಿಶ್ವದಾಖಲೆ ಮಾಡಿದರು. ಇದು ಅವರ ಸ್ವಂತ ಸಾಮರ್ಥ್ಯ. ಆದರೆ ಅದೇ ಎಂಟರಲ್ಲಿ 4x100 ಫ್ರೀಸ್ಟೈಲ್ ರಿಲೇಯ ಚಿನ್ನವನ್ನು ಉಳಿಸಿಕೊಟ್ಟವರು ಅವರ ತಂಡದ ಜೇಸನ್ ಲೆಜಾಕ್. ಕೊನೆಯ ಸುತ್ತಿನಲ್ಲಿ ಫ್ರಾನ್ಸಿನ ಅಲೇನ್ ಬರ್ನಾರ್ ಅವರನ್ನು ಹಿಂದಿನಿಂದ ಬಂದು ಹಿಡಿದು, ಸೆಕೆಂಡಿನ ನೂರನೇ ಎಂಟು ಭಾಗದಿಂದ ಮೊದಲು ಗೋಡೆ ಮುಟ್ಟಿದವರು ಅವರು. ಏಳನೆಯದಾದ 100 ಮೀಟರ್ ಬಟರ್‌ಫ್ಲೈ ಇನ್ನೂ ತೆಳುವಾದ ಅಂತರದ್ದು: ಫೆಲ್ಪ್ಸ್ 50.58, ಸರ್ಬಿಯಾದ ಮಿಲೊರಾದ್ ಚಾವಿಚ್ 50.59. ಚಾವಿಚ್ ಕೈ ಚಾಚಿ ತೇಲುತ್ತ ಗೋಡೆಯತ್ತ ಜಾರಿದರು. ಫೆಲ್ಪ್ಸ್ ಕೊನೆಯಲ್ಲಿ ಇನ್ನೊಂದು ಅರ್ಧ ಬೀಸು ಹಾಕಿದರು.

ಆ ನೂರನೇ ಒಂದು ಭಾಗವನ್ನು ಕಂಡಾಗಲೆಲ್ಲ ನನ್ನ ಮನಸ್ಸು ತಾನಾಗಿಯೇ 1984ರ ಲಾಸ್ ಏಂಜಲೀಸ್‌ಗೆ ಹೋಗುತ್ತದೆ. ಅಲ್ಲಿ 400 ಮೀಟರ್ ಹರ್ಡಲ್ಸ್‌ನಲ್ಲಿ ಪಿ.ಟಿ. ಉಷಾ 55.42 ಸೆಕೆಂಡುಗಳಲ್ಲಿ ಓಡಿ ನಾಲ್ಕನೆಯವರಾದರು. ಕಂಚು ಗೆದ್ದ ರೊಮೇನಿಯಾದ ಕ್ರಿಸ್ತಿಯಾನಾ ಕೊಜೊಕಾರು ಅವರದು 55.41. ಅಂತರ ಅಷ್ಟೇ, ಒಂದಂಶವೂ ಹೆಚ್ಚಿಲ್ಲ. ಫೆಲ್ಪ್ಸ್‌ಗೆ ಅದು ಏಳನೆಯ ಚಿನ್ನವನ್ನು ಕೊಟ್ಟಿತು, ಉಷಾ ಅವರ ಒಲಿಂಪಿಕ್ ಖಾತೆಯನ್ನು ಸೊನ್ನೆಯಲ್ಲೇ ಉಳಿಸಿತು. ಎರಡೇ ವರ್ಷಗಳ ನಂತರ ಸೋಲ್ ಏಷ್ಯನ್ ಗೇಮ್ಸ್‌ನಲ್ಲಿ ಉಷಾ 200 ಮೀಟರ್, 400 ಮೀಟರ್, 400 ಮೀಟರ್ ಹರ್ಡಲ್ಸ್ ಮತ್ತು 4x400 ರಿಲೇಗಳಲ್ಲಿ ಚಿನ್ನ, 100 ಮೀಟರ್‌ನಲ್ಲಿ ಬೆಳ್ಳಿ ಗೆದ್ದರು. ಏಷ್ಯನ್ ಗೇಮ್ಸ್‌ನ ಅವರ ಒಟ್ಟು ಪದಕಗಳು 11. ಫೋನಿಗೆ ಬರುವ ಪಟ್ಟಿಯನ್ನು ನಂಬಿದರೆ ಆ ಕಾಲುಗಳು ಓಡಲೇ ಇಲ್ಲ.

ಹಾಗೆ ನೋಡಿದರೆ ಪಟ್ಟಿಯ ಎರಡನೆಯ ಹೆಸರು ನನಗೆ ಮೊದಲನೆಯದಕ್ಕಿಂತ ಹೆಚ್ಚು ಇಷ್ಟ. ಲ್ಯಾಟಿನಿನಾ 1956, 1960, 1964ರ ಮೂರು ಒಲಿಂಪಿಕ್ಸ್‌ಗಳಲ್ಲಿ 19 ಸ್ಪರ್ಧೆಗಳಿಗೆ ಇಳಿದು 18ರಲ್ಲಿ ಪದಕ ಗೆದ್ದರು, ತಪ್ಪಿದ್ದು ಒಂದೇ ಒಂದು. ಆ ದಾಖಲೆ 48 ವರ್ಷ ನಿಂತಿತು. 2012ರ ಜುಲೈ 31ರಂದು ಲಂಡನ್‌ನಲ್ಲಿ ಫೆಲ್ಪ್ಸ್ ಅದನ್ನು ಸರಿಗಟ್ಟಿದ್ದು ಗೆದ್ದಲ್ಲ, ಸೋತು: ತಮ್ಮದೇ ಸಾಮ್ರಾಜ್ಯವಾಗಿದ್ದ 200 ಮೀಟರ್ ಬಟರ್‌ಫ್ಲೈನಲ್ಲಿ ದಕ್ಷಿಣ ಆಫ್ರಿಕಾದ ಚಾಡ್ ಲೆ ಕ್ಲೋಸ್ ಅವರಿಗೆ ಸೆಕೆಂಡಿನ ನೂರನೇ ಐದು ಭಾಗದಿಂದ ಸೋತು ಪಡೆದ ಬೆಳ್ಳಿಯೇ ಹದಿನೆಂಟನೆಯ ಪದಕ. ಅದೇ ಸಂಜೆ ರಿಲೇಯ ಚಿನ್ನದೊಂದಿಗೆ ಹತ್ತೊಂಬತ್ತಾಯಿತು.

ಕಾಲವನ್ನು ಅಳತೆಗೋಲಾಗಿಸಿದರೆ ಪಟ್ಟಿಯ ಮೊದಲ ಸಾಲಿಗೆ ಬರಬೇಕಾದವರು ಜರ್ಮನಿಯ ಕಯಾಕ್ ಪಟು ಬಿರ್ಗಿಟ್ ಫಿಶರ್. 1980ರಲ್ಲಿ 18ನೇ ವಯಸ್ಸಿಗೆ ಮೊದಲ ಚಿನ್ನ, 2004ರಲ್ಲಿ 42ನೇ ವಯಸ್ಸಿಗೆ ಎಂಟನೆಯದು. ನಡುವೆ 1984ರ ಬಹಿಷ್ಕಾರದಿಂದ ಒಂದು ಒಲಿಂಪಿಕ್ಸ್ ತಪ್ಪಿತು, ಅವರು ಪ್ರತಿನಿಧಿಸುತ್ತಿದ್ದ ಪೂರ್ವ ಜರ್ಮನಿ ಎಂಬ ದೇಶವೇ ಭೂಪಟದಿಂದ ಮರೆಯಾಯಿತು. ಅದರ ನಡುವೆಯೂ ಒಟ್ಟು 12 ಪದಕಗಳು.

ಪಟ್ಟಿಯಲ್ಲಿ ನಮೂದಾಗುವ ಪದಕಗಳೂ ಎಲ್ಲವೂ ಒಂದೇ ಬಗೆಯವಲ್ಲ. 2004ರ ಅಥೆನ್ಸ್‌ನಲ್ಲಿ 19 ವರ್ಷದ ಫೆಲ್ಪ್ಸ್ 100 ಮೀಟರ್ ಬಟರ್‌ಫ್ಲೈನಲ್ಲಿ ತಮ್ಮದೇ ತಂಡದ ಇಯಾನ್ ಕ್ರಾಕರ್ ಅವರನ್ನು ಸೆಕೆಂಡಿನ ನೂರನೇ ನಾಲ್ಕು ಭಾಗದಿಂದ ಹಿಂದಿಕ್ಕಿ, ಮೆಡ್ಲೆ ರಿಲೇ ಫೈನಲ್‌ನ ಬಟರ್‌ಫ್ಲೈ ಸರದಿಯ ಹಕ್ಕು ಪಡೆದಿದ್ದರು. ಆ ಸರದಿಯನ್ನು ಅವರು ಕ್ರಾಕರ್‌ಗೇ ಬಿಟ್ಟುಕೊಟ್ಟರು. ಹೀಟ್ಸ್‌ನಲ್ಲಿ, ಅಂದರೆ ಫೈನಲ್‌ಗೆ ಮುಂಚಿನ ಅರ್ಹತಾ ಸುತ್ತಿನಲ್ಲಿ, ಈಜಿದವರಿಗೂ ತಂಡದ ಪದಕ ಸಲ್ಲುತ್ತದೆ ಎಂಬ ನಿಯಮದಿಂದ ಆ ಚಿನ್ನ ಫೆಲ್ಪ್ಸ್ ಹೆಸರಿಗೂ ಜಮೆಯಾಯಿತು. 23 ಚಿನ್ನಗಳಲ್ಲಿ ನನಗೆ ಯಾವುದು ಮೆಚ್ಚುಗೆ ಎಂದು ಯಾರಾದರೂ ಕೇಳಿದರೆ ನಾನು ತೋರಿಸುವುದು ಅದನ್ನೇ: ಫೈನಲ್ ನಡೆಯುತ್ತಿದ್ದಾಗ ಅದರ ಒಡೆಯ ಪ್ರೇಕ್ಷಕರ ನಡುವೆ ನಿಂತು, ನೀರಿನಲ್ಲಿದ್ದ ಕ್ರಾಕರ್‌ಗಾಗಿ ಕೂಗುತ್ತಿದ್ದರು.