ಸ್ಪಷ್ಟನೆ: ಟ್ರೇಲರ್ ಎಳೆಯುವಾಗ ನೀರಿನ ಟ್ಯಾಂಕ್ ಖಾಲಿಯೇ ಇರಬೇಕೆ?

‘ಟ್ರಾವೆಲ್ ಟ್ರೇಲರ್ (ಕಾರಿನಂಥ ವಾಹನದ ಹಿಂದೆ ಕಟ್ಟಿ ಎಳೆಯುವ ಚಕ್ರದ ಮನೆ) ಎಳೆಯುವಾಗ ಟ್ಯಾಂಕ್‌ನಲ್ಲಿ ಹನಿ ನೀರೂ ಇರಬಾರದು, ಇದ್ದರೆ ಗಾಡಿ ಪಲ್ಟಿ ಹೊಡೆಯುವುದು ಖಂಡಿತ’ ಎಂಬ ಮಾತು ಹರಿದಾಡುತ್ತಿದೆ. ಹಾಗೇನಿಲ್ಲ.

ಒಂದು ಲೀಟರ್ ನೀರೆಂದರೆ ಸುಮಾರು ಒಂದು ಕೆ.ಜಿ. 150 ಲೀಟರ್ ತುಂಬಿಸಿದರೆ ಅಷ್ಟೇ ಕೆ.ಜಿ. ಹೊರೆ. ಟ್ರೇಲರ್‌ನ ತೂಕದ ಮಿತಿ ಮೀರದಿದ್ದರೆ, ತಯಾರಕರ ಕೈಪಿಡಿಯೂ ಬೇಡವೆನ್ನದಿದ್ದರೆ ಧಾರಾಳವಾಗಿ ಒಯ್ಯಬಹುದು.

ನಿಜಕ್ಕೂ ನೋಡಬೇಕಾದದ್ದು ಟ್ಯಾಂಕ್ ಎಲ್ಲಿದೆ ಎಂಬುದನ್ನು. ಆಕ್ಸಲ್‌ಗಿಂತ (ಚಕ್ರಗಳ ಅಚ್ಚಿಗಿಂತ) ಮುಂದಿದ್ದರೆ ನೀರು ತುಂಬಿದಷ್ಟೂ ಹಿಚ್ (ಟ್ರೇಲರನ್ನು ಎಳೆಯುವ ವಾಹನಕ್ಕೆ ಜೋಡಿಸುವ ಕೊಂಡಿ) ಮೇಲಿನ ಭಾರ ಏರುತ್ತದೆ. ಹಿಂದಿದ್ದರೆ ತಕ್ಕಡಿಯಂತೆ ಮುಂಭಾಗ ಮೇಲೇಳಲು ನೋಡುತ್ತದೆ. ಅಮೆರಿಕದಲ್ಲಿ ಸಾಮಾನ್ಯವಾಗಿ ಟ್ರೇಲರ್‌ನ ಒಟ್ಟು ತೂಕದ ಶೇ. 10ರಿಂದ 15ರಷ್ಟು ಹಿಚ್ ಮೇಲಿರಲಿ ಎನ್ನುತ್ತಾರೆ. ಅದು ತೀರಾ ಕಡಿಮೆಯಾದರೆ ವೇಗದಲ್ಲಿ ಟ್ರೇಲರ್ ಅತ್ತಿತ್ತ ತೂಗಾಡತೊಡಗುತ್ತದೆ. ಅಪಾಯ ಇರುವುದು ಇಲ್ಲಿ.

ಅರ್ಧ ತುಂಬಿದ ಟ್ಯಾಂಕ್‌ನಲ್ಲಿ ನೀರು ಕುಲುಕಾಡುವುದೂ ನಿಜ. ಬ್ರೇಕ್ ಒತ್ತಿದರೆ ಮುಂದಕ್ಕೆ, ತಿರುವಿನಲ್ಲಿ ಪಕ್ಕಕ್ಕೆ ನುಗ್ಗುತ್ತದೆ.

ತಂಗುವ ಕಡೆ ಒಳ್ಳೆಯ ನೀರು ಸಿಗುವುದಾದರೆ ಟ್ಯಾಂಕ್ ತುಂಬ ನೀರು ಹೊತ್ತೊಯ್ದು ಇಂಧನ ಸುಡುವುದೇಕೆ? ದಾರಿಯ ಶೌಚಕ್ಕೆ, ಕೈತೊಳೆಯಲು ಸ್ವಲ್ಪ ಇದ್ದರೆ ಸಾಕು. ಇನ್ನೊಂದು ಮಾತು: ಬಳಸಿದ ನೀರು ಕೊಳೆನೀರಿನ ಟ್ಯಾಂಕ್ ಸೇರುತ್ತದೆ, ತೂಕ ಎಲ್ಲೂ ಹೋಗಿರುವುದಿಲ್ಲ. ಆ ಟ್ಯಾಂಕ್ ಹಿಂಬದಿಯಲ್ಲಿದ್ದರೆ ಹೊರಡುವ ಮುನ್ನ, ಅದಕ್ಕೆಂದೇ ಇರುವ ಜಾಗದಲ್ಲಿ, ಖಾಲಿ ಮಾಡಿಕೊಳ್ಳಿ.